ಮುಚ್ಚಿ ಹೊಲಿಸಿಕೊಂಡ ದಬ್ಬಳದಕ್ಕ

ಈಕೆಯ ಮುತ್ತಾತ ಊರಿನ ನ್ಯಾಯಾಧೀಶರ ಕುರ್ಚಿಗೆ ಮೆತ್ತೆ ತುಂಬಿದವನು. ಎಂಥ ಮೆತ್ತೆ ಅಂದರೆ, ನ್ಯಾಯಾಧೀಶರು ಅದರ ಮೇಲೆ ಕೂತ ಮೊದಲ ದಿನವೇ ವಾದ ಮುಗಿಯುವ ಮುಂಚೆ ಗೊರಕೆ ಹೊಡೆದರು. ಎಚ್ಚರವಾದಾಗ ಗಾಬರಿಯಲ್ಲಿ ಎದುರಿಗಿದ್ದ ಕಳ್ಳನನ್ನು ಮನೆಗೆ ಕಳಿಸಿ, ಸಾಕ್ಷಿ ಹೇಳಲು ಬಂದವನನ್ನು ಜೈಲಿಗೆ ಕಳಿಸಿದರು. ಮುತ್ತಾತ ಇದನ್ನು ತನ್ನ ಕೈಚಳಕಕ್ಕೆ ಸಿಕ್ಕ ಬಿರುದೆಂದು ಸಾಯುವವರೆಗೂ ಹೇಳಿಕೊಂಡು ತಿರುಗಿದ. ಅವನ ಮಗ, ಅಂದರೆ ಈಕೆಯ ತಾತ, ಒಬ್ಬ ಸಾಹುಕಾರರಿಗೆ ಹಾಸಿಗೆ ಮಾಡಿಕೊಟ್ಟ. ಸಾಹುಕಾರರು ಹತ್ತಿಯೊಳಗೆ ಎಷ್ಟು ಮುಳುಗಿದರೆಂದರೆ, ಬೆಳಗ್ಗೆ ಮನೆಯವರು ಕೈಯಾಡಿಸಿ ಹುಡುಕಿ ಎಳೆದು ತೆಗೆಯಬೇಕಾಯಿತಂತೆ. ತಾತನ ಹೆಂಡತಿ ಗಂಡನಿಗಿಂತ ಒಂದು ಕೈ ಮೇಲು. ಅಂಗಡಿ ಮುಂದೆ ಜಗಳಕ್ಕೆ ನಿಂತ ಗಟ್ಟಿಮುಟ್ಟಾದ ಆಸಾಮಿಯೊಬ್ಬನನ್ನು ಅರ್ಧ ಹೊಲಿದ ಹಾಸಿಗೆ ಗವುಸಿನೊಳಗೆ ತಲೆಕೆಳಗಾಗಿ ತುರುಕಿ, ಅದರ ಬಾಯಿ ಹೊಲಿದು, ಅವನ ಹೆಂಡತಿ ಬಂದು ಕೇಳಿಕೊಂಡ ಮೇಲಷ್ಟೇ ಬಿಚ್ಚಿದವಳು.

ಒಟ್ಟಿನಲ್ಲಿ ತುಂಬುವುದೇ ಈ ವಂಶದ ಕಸುಬು. ಖಾಲಿ ಕಂಡರೆ ಇವರ ಕೈ ಸುಮ್ಮನಿರುವುದಿಲ್ಲ. ಅವರ ಮನೆಗೆ ಊಟಕ್ಕೆ ಹೋದರೆ ತಟ್ಟೆಯ ತಳ ಕಾಣಲು ಬಿಡುವುದಿಲ್ಲ. ಮಾತಿನ ನಡುವೆ ಒಂದು ಸಂದು ಸಿಕ್ಕರೂ ಅಲ್ಲಿ ಏನಾದರೊಂದನ್ನು ತುರುಕುತ್ತಾರೆ. ಅಂಥ ಮನೆಯಲ್ಲಿ ಹುಟ್ಟಿ, ನಾನು ಖಾಲಿಯೇ ಇರುತ್ತೇನೆ ಎಂದವಳ ಕಥೆ ಇದು.

ನಾನು ಅವರ ಅಂಗಡಿಗೆ ದಿಂಬಿನ ಗವುಸು ಹೊಲಿದುಕೊಡುವ ಮುದುಕಿ. ಶಾಲೆಯ ಒಳಗೆ ಕಾಲಿಟ್ಟವಳಲ್ಲ. ಅಕ್ಷರಗಳನ್ನು ಅಂಗಡಿ ಬೋರ್ಡುಗಳಿಂದ ಒಂದೊಂದಾಗಿ ಕಿತ್ತುಕೊಂಡು ಕಲಿತವಳು, ಆದ್ದರಿಂದ ಅವುಗಳ ಮೇಲೆ ನನಗೆ ಹಕ್ಕು ಜಾಸ್ತಿ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಅಂಗಡಿ ಅಂದರೆ ಉದ್ದನೆಯ ಇಕ್ಕಟ್ಟು ಕೋಣೆ. ಮುಂದೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಹಾಸಿಗೆ ಹೊಲಿಯುವ ಅಗಲ ಹಲಗೆ, ಗೋಡೆಗೆ ಒರಗಿಸಿದ ಫೋಮಿನ ಹಾಳೆಗಳು, ಕೊನೆಯಲ್ಲಿ ಹತ್ತಿ ಹಿಂಜುವ ಯಂತ್ರ. ಅದು ಶುರುವಾದರೆ ಬಿಸಿಲಿನ ಕೋಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತವೆ, ಸಂಜೆಯ ಹೊತ್ತಿಗೆ ಒಳಗಿದ್ದವರೆಲ್ಲರ ಹುಬ್ಬು ನರೆತಿರುತ್ತದೆ. ಆ ಹಲಗೆಯ ಮುಂದೆ ನಿಲ್ಲುವವಳೇ ನಮ್ಮ ದಬ್ಬಳದಕ್ಕ. ಹಾಸಿಗೆ ಹೊಲಿಯುವ ದೊಡ್ಡ ಸೂಜಿ, ದಬ್ಬಳ, ಅವಳ ಕೈಯಲ್ಲಿಲ್ಲದಾಗ ಹಲ್ಲುಗಳ ನಡುವೆ ಇರುತ್ತಿತ್ತು. ಅದನ್ನು ಕಚ್ಚಿಕೊಂಡೇ ಅವಳು ಮಾತಾಡಿದರೆ ಎದುರು ಮಾತಾಡುವವರು ಕಡಿಮೆ. ಅಪ್ಪ ಹೋದ ಮೇಲೆ ಅಂಗಡಿ ಅವಳದೂ ಅವಳ ತಮ್ಮನದೂ. ಹೊಲಿಗೆ ಅವಳದು, ಮಾತು ತಮ್ಮನದು.

ಅವರ ಅಪ್ಪ ಹಿರಿಯರ ಹಾಗೆ ಬಡಾಯಿಯವನಲ್ಲ. ಆತ ಬಿಟ್ಟುಹೋದದ್ದು ಒಂದು ಕ್ರಮ. ಹಾಸಿಗೆಯ ಕೊನೆಯ ಅಂಚು ಹೊಲಿಯಲು ಎರಡು ದಾರಿ. ಮುಂದೆ ಎಂದಾದರೂ ಬಿಚ್ಚಿ ಮತ್ತೆ ಹತ್ತಿ ತುಂಬಿಸಬೇಕೆಂದಿದ್ದರೆ, ಅಂಚಿನೊಳಗೆ ಹೆಚ್ಚುವರಿ ಬಟ್ಟೆ ಮಡಚಿಟ್ಟು ಸಡಿಲವಾಗಿ ಹೊಲಿಯಬೇಕು. ಬೇಡವೆಂದರೆ ಹೆಚ್ಚಿನ ಬಟ್ಟೆ ಕತ್ತರಿಸಿ, ಬಿಗಿಯಾಗಿ ಹೊಲಿದು, ಗಂಟನ್ನು ಒಳಕ್ಕೆ ನುಂಗಿಸಬೇಕು. ಎರಡರಲ್ಲಿ ಯಾವುದು ಎಂದು ಕೇಳಬೇಕಾದದ್ದು ಅದರ ಮೇಲೆ ಮಲಗುವವರನ್ನು. ಹಣ ಕೊಡುವವರನ್ನಲ್ಲ, ಜೊತೆಗೆ ಬಂದವರನ್ನೂ ಅಲ್ಲ. "ಬಿಚ್ಚೋಕೆ ಬಿಡ್ಲಾ, ಮುಚ್ಚಿಬಿಡ್ಲಾ?" ಈ ಮಾತು ಆ ಅಂಗಡಿಯಲ್ಲಿ ಕೇಳಿಸದ ದಿನವಿಲ್ಲ. ತಮ್ಮನಿಗೆ ಮಾತ್ರ ಸದಾ ಬಟ್ಟೆ ಬಿಡುವುದೇ ಇಷ್ಟ. ಇರಲಿ ಬಿಡಿ, ನಾಳೆ ಬೇಕಾಗಬಹುದು ಎನ್ನುತ್ತಾನೆ. ಅವನ ಕಣ್ಣಿಗೆ ಯಾವ ಹಾಸಿಗೆಯೂ ಮುಗಿದದ್ದಲ್ಲ.

ಮೈಯೊಳಗಿನ ಗಂಟು ಅವಳ ಗಮನಕ್ಕೆ ಬಂದದ್ದೂ ಆ ಹಲಗೆಯ ಮುಂದೆಯೇ. ದಪ್ಪ ಹಾಸಿಗೆ ಹೊಲಿಯುವಾಗ ಅಂಚನ್ನು ಎದೆಗೆ ಒತ್ತಿಹಿಡಿದು ದಬ್ಬಳ ನುಗ್ಗಿಸಬೇಕು. ಒತ್ತಿದಾಗ ಒಂದು ಕಡೆ ಕಲ್ಲು ಸಿಕ್ಕ ಹಾಗಾಯಿತು. ಹತ್ತಿಯಲ್ಲಿ ಬೀಜ ಉಳಿದಿದೆ ಎಂದುಕೊಂಡು ಹಾಸಿಗೆಯನ್ನು ತಡವಿ ತಡವಿ ನೋಡಿದಳು. ಬೀಜ ಹಾಸಿಗೆಯಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಚುಚ್ಚಿ, ತೆಗೆದು, ಗಾಜಿನ ಮೇಲಿಟ್ಟು ನೋಡಿದ ಮೇಲೆ ಡಾಕ್ಟರು ಕ್ಯಾನ್ಸರ್ ಎಂದರು, ಎರಡು ಕಡೆಯ ಎದೆಯನ್ನೂ ತೆಗೆಯಬೇಕೆಂದರು. ಅಂದು ಅವಳ ಜೊತೆ ಅವಳ ಗಂಡನೂ ನಾನೂ ಇದ್ದೆವು. ಗಂಡ ಬಸ್ಸಿನ ಡ್ರೈವರ್. ಕೂತಲ್ಲೆಲ್ಲ ಕಿಟಕಿಯಾಚೆ ರಸ್ತೆ ನೋಡುವುದು ಅವನ ಅಭ್ಯಾಸ. ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಕೆಟ್ಟ ಸುದ್ದಿ ಹೇಳಿ ಸುಮ್ಮನಿರಲು ಬಾರದವರು. ತೆಗೆದ ಜಾಗದಲ್ಲಿ ಮತ್ತೆ ಕಟ್ಟಿಕೊಡಬಹುದು ಎಂದು ಮೇಜಿನ ಖಾನೆಯಿಂದ ಚರ್ಮದಡಿ ಇಡುವ ಮೆತ್ತಗಿನ ಚೀಲವೊಂದನ್ನು ತೆಗೆದು ಮುಂದಿಟ್ಟರು. ಇವಳು ಅದನ್ನು ಕೈಗೆತ್ತಿಕೊಂಡು ಫೋಮ್ ಪರೀಕ್ಷೆ ಮಾಡುವ ಹಾಗೆ ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಅದು ಎದ್ದು ಬರುವುದನ್ನು ನೋಡಿ, ಚೆನ್ನಾಗಿದೆ ಎಂದಳು. ಡಾಕ್ಟರ ಮುಖ ಅರಳಿತು. ಹೊಟ್ಟೆಯ ಅಥವಾ ಬೆನ್ನಿನ ಮಾಂಸ ತೆಗೆದೂ ಕಟ್ಟಬಹುದು, ಇನ್ನೂ ಕೆಲವು ಸಲ ಕೊಯ್ಯಬೇಕಾಗಬಹುದು, ಚೀಲವಾದರೆ ಮುಂದೆ ಬದಲಾಯಿಸಬೇಕಾಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಚೀಲವನ್ನು ಅದು ಇದ್ದ ಜಾಗದಲ್ಲೇ ಇಟ್ಟು, ತನಗೆ ಬೇಡ, ಚಪ್ಪಟೆಯಾಗಿ ಹೊಲಿದುಬಿಡಿ ಎಂದಳು.

ಡಾಕ್ಟರು ಗಂಡನ ಮುಖ ನೋಡಿದರು. ಗಂಡ ಕಿಟಕಿಯಿಂದ ಕಣ್ಣು ಕಿತ್ತು, "ಅವಳನ್ನೇ ಕೇಳಿ ಸಾರ್. ನಾನು ಗಾಡಿ ಓಡಿಸೋನು" ಎಂದ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಬಂದ ಬುದ್ಧಿವಂತ ಮಾತು ಅದೊಂದೇ. ಅದು ಬೇಕಾದ ಹೊತ್ತಿಗೆ ಬಂತು, ಸಾಕು.

ಮನೆಯಲ್ಲಿ ಸಭೆ ಸೇರಿತು. ಯಾರೂ ಕರೆದಿರಲಿಲ್ಲ, ಆದರೂ ಸೇರಿತು. ಸೋದರತ್ತೆ ಬಂದಳು, ಬಾಗಿಲಲ್ಲೇ ಅಳಲು ಶುರುಮಾಡಿ ಕುರ್ಚಿ ಸಿಕ್ಕ ಮೇಲೆ ನಿಲ್ಲಿಸಿದಳು. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ತುಂಬಿದ ಮೈಯವರು, ತನ್ನನ್ನೇ ನೋಡಿ ಎಂದಳು. ನೋಡಲು ಬೇಕಾದಷ್ಟು ಇತ್ತು. ಜೀವ ಉಳಿಯುತ್ತದೆಯೇ ಎಂಬ ಮಾತನ್ನು ಅವಳು ಎತ್ತಲೇ ಇಲ್ಲ. ಅದು ಡಾಕ್ಟರ ಕೆಲಸ, ಎದೆ ಮಾತ್ರ ಮನೆತನದ ಕೆಲಸ ಎಂಬ ಹಾಗೆ ಮಾತಾಡಿದಳು. ಬೀದಿಯ ಹೆಂಗಸರೂ ಬಂದು ಹೋದರು. ಅವರಲ್ಲಿ ಒಬ್ಬಳು, ಗಂಡ ಏನಂದರು ಎಂದು ಪಿಸುಗುಟ್ಟಿದಳು. ಗಾಡಿ ಓಡಿಸುತ್ತೇನೆ ಅಂದರು ಎಂದು ದಬ್ಬಳದಕ್ಕ ಹೇಳಿದ್ದು ಅವಳಿಗೆ ಇಂದಿಗೂ ಅರ್ಥವಾಗಿಲ್ಲ.

ತಮ್ಮನ ಕಷ್ಟವೇ ಬೇರೆ. ಅಂಗಡಿಯ ಬೋರ್ಡಿನ ಮೇಲೆ ಉಬ್ಬಿದ ದಿಂಬಿನ ಚಿತ್ರ ಬರೆಸಿದ್ದ. ಆ ದಿಂಬಿನ ಕೆಳಗೆ ಇಂಥ ಅಕ್ಕ ನಿಂತರೆ ವ್ಯಾಪಾರದ ಗತಿ ಏನೆಂದು ಅವನು ಊಟ ಬಿಟ್ಟು ಯೋಚಿಸಿದ್ದ. "ನೋಡಕ್ಕ, ಹಾಸಿಗೆ ಅಂಗಡೀಲಿ ನಿಂತೋಳೇ ಹಲಗೆ ಥರ ಇದ್ರೆ ಜನ ಏನಂದ್ಕೋತಾರೆ?"

"ಹಲಗೆ ಬೇಕು ಅಂದ್ಕೊಂಡ್ರೆ ಬಡಗಿ ಹತ್ರ ಹೋಗ್ತಾರೆ. ನಿನ್ನ ಹತ್ರ ಯಾಕೆ ಬರ್ತಾರೆ?"

ತಮ್ಮ ಪೆಚ್ಚಾದ, ಆದರೆ ಸೋಲಲಿಲ್ಲ. ಅವನಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪ್ರೀತಿ ಹೆಚ್ಚಾಗಿಯೇ ಇತ್ತು, ತುಂಬುವುದರ ಹೊರತು ಅದಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ಅವನು ಈ ವಿಷಯದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಮಾತೇ ಬಂಡವಾಳವಾದ ಮನುಷ್ಯ ಬಾಯಿ ಮುಚ್ಚಿದಾಗಲೇ ನಮಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅವಳನ್ನು ವಾರ್ಡಿಗೆ ಸೇರಿಸಿಕೊಂಡರು. ಜೊತೆಗೆ ನಾನು. ಕಬ್ಬಿಣದ ಮಂಚ, ಅದರ ಮೇಲೆ ರೆಕ್ಸಿನ್ ಹೊದಿಸಿದ ಹಾಸಿಗೆ. ಅವಳು ಮಲಗುವ ಮುಂಚೆ ಅದರ ಮೂಲೆ ಎತ್ತಿ ಹೊಲಿಗೆ ನೋಡಿ ಮುಖ ಸಿಂಡರಿಸಿದಳು. ಪಕ್ಕದ ಮಂಚದ ಹೆಂಗಸು ಮತ್ತೆ ಕಟ್ಟಿಸಿಕೊಳ್ಳಲು ಬಂದವಳು, ಮದುವೆ ಮನೆಗೆ ಹೊರಟವಳಷ್ಟು ಸಂಭ್ರಮದಲ್ಲಿದ್ದಳು. ಇಬ್ಬರೂ ಬೇಗ ಸ್ನೇಹಿತೆಯರಾದರು. ನಿನಗೆ ಬೇಕು, ನೀನು ಹಾಕಿಸಿಕೋ, ಒಳ್ಳೇ ಮಾಲು, ನಾನೇ ಒತ್ತಿ ನೋಡಿದ್ದೇನೆ ಎಂದು ನಮ್ಮವಳು ಅವಳಿಗೆ ಭರವಸೆ ಕೊಟ್ಟಳು.

ಮಧ್ಯಾಹ್ನ ಡಾಕ್ಟರು ಗುರುತು ಹಾಕಲು ಶಾಯಿಯ ಪೆನ್ನು ಹಿಡಿದು ಬಂದರು. ನರ್ಸು ಪರದೆ ಎಳೆದಳು. ಗೆರೆ ಎಳೆಯುತ್ತ ಡಾಕ್ಟರು, ಚಿಂತೆ ಮಾಡಬೇಡಿ, ಸ್ವಲ್ಪ ಹೆಚ್ಚಿಗೆ ಚರ್ಮ ಉಳಿಸಿಯೇ ಹೊಲಿಯುತ್ತೇನೆ, ನಾಳೆ ನಿಮ್ಮ ಮನಸ್ಸು ಬದಲಾದರೆ ಅನುಕೂಲ, ನಿಮ್ಮವರೂ ಅದನ್ನೇ ಹೇಳಿ ಹೋದರು ಎಂದರು.

"ಯಾರು ನಮ್ಮೋರು?"

ನಿಮ್ಮ ತಮ್ಮ ಮತ್ತು ಅತ್ತೆ, ಒಂದು ಒಳ್ಳೆಯ ದಿಂಬು ಕೂಡ ಕೊಟ್ಟು ಹೋದರು ಎಂದು ಡಾಕ್ಟರು ನಕ್ಕರು. "ಒಂದಿಷ್ಟು ಬಟ್ಟೆ ಬಿಟ್ಟೇ ಹೊಲೀರಿ ಸಾರ್ ಅಂದ್ರು ನಿಮ್ಮ ತಮ್ಮ. ನನಗೆ ಮೊದಲು ಅರ್ಥನೇ ಆಗ್ಲಿಲ್ಲ."

ನನಗೆ ಅರ್ಥವಾಯಿತು. ಅವಳ ಮುಖ ನೋಡಿದೆ, ರಕ್ತ ಇಳಿದುಹೋಗಿತ್ತು. ಗಂಟು ಎಂದಾಗ ಹೆದರದವಳು, ಎರಡೂ ಹೋಗುತ್ತವೆ ಎಂದಾಗ ಹೆದರದವಳು, ಈಗ ಹೆದರಿದಳು. ನಾಳೆ ಮದ್ದು ಕೊಟ್ಟು ಮಲಗಿಸಿದ ಮೇಲೆ ಅವಳ ಬಾಯಿ ನಡೆಯುವುದಿಲ್ಲ. ಎಚ್ಚರವಾಗುವ ಹೊತ್ತಿಗೆ ಅವಳ ಎದೆಯ ಮೇಲೆ ತಮ್ಮನ ಆಸೆಯ ಮಡಿಕೆಗಳು ಜೋತಾಡುತ್ತಿರುತ್ತವೆ. ಅದು ಚಪ್ಪಟೆಯೂ ಅಲ್ಲ, ಎದೆಯೂ ಅಲ್ಲ. ಇಂದಲ್ಲ ನಾಳೆ ಇವಳು ಬಗ್ಗಿಯಾಳು ಎಂದು ತೆರೆದಿಟ್ಟ ಬಾಗಿಲು. ಆ ಬಾಗಿಲಲ್ಲಿ ಅತ್ತೆ ಒಂದು ಕಡೆ, ತಮ್ಮ ಒಂದು ಕಡೆ, ಜೀವನವಿಡೀ ಕಾವಲು.

ಅವಳು ದುಪ್ಪಟಿಯನ್ನು ಕತ್ತಿನವರೆಗೆ ಎಳೆದುಕೊಂಡು, "ದೊಡ್ಡಮ್ಮ, ಅವನು ಹೊರಗಡೆ ಕೂತಿದ್ದಾನೆ. ಕರೀರಿ" ಎಂದು ನನಗೆ ಹೇಳಿದಳು. ಡಾಕ್ಟರಿಗೆ ಸ್ವಲ್ಪ ನಿಲ್ಲಿ ಎಂದಳು. ಆ ದನಿಗೆ ಅವರು ನಿಂತರು.

ತಮ್ಮ ಒಳಗೆ ಬಂದ. ಡಾಕ್ಟರ ಕೈಯ ಪೆನ್ನು ನೋಡಿದ, ಅಕ್ಕನ ಕಣ್ಣು ನೋಡಿದ, ಮುಖ ಹುಳ್ಳಗಾಯಿತು. ಅವಳು ಬೈಯಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಕೇಳುವ ಹಾಗೆ ಕೇಳಿದಳು.

"ಕೊನೇ ಅಂಚಿಗೆ ಬಂದಾಗ ಅಪ್ಪ ಯಾರನ್ನ ಕೇಳು ಅಂತಿದ್ರು?"

ಅವನು ತನ್ನ ಚಪ್ಪಲಿ ನೋಡುತ್ತ, "ಮಲಗೋರನ್ನ" ಎಂದ.

"ನಾಳೆ ಯಾರು ಮಲಗೋದು?"

"ನೀನು."

"ಹಾಗಾದ್ರೆ ಕೇಳು."

ಅವನು ಮಂಚದ ಕಂಬಿ ಹಿಡಿದುಕೊಂಡ. ಹೊರಗೆ ಯಾರೋ ತಳ್ಳುಗಾಡಿ ದೂಡಿಕೊಂಡು ಹೋದರು. ದಿನಕ್ಕೆಷ್ಟೋ ಸಲ ಅಂಗಡಿಯಲ್ಲಿ ಹೇಳಿ ಸವೆದ ಮಾತು ಅದು. ಅಂದು ಅವನ ಬಾಯಿಗೆ ಅದು ಹೊಸದಾಯಿತು. ಕೊನೆಗೆ, "ಬಿಚ್ಚೋಕೆ ಬಿಡ್ಲಾ... ಮುಚ್ಚಿಬಿಡ್ಲಾ ಅಕ್ಕ?" ಎಂದು, ಹೇಳಿ ಮುಗಿಸುವ ಹೊತ್ತಿಗೆ ಅತ್ತುಬಿಟ್ಟ.

"ಮುಚ್ಚಿಬಿಡಿ" ಎಂದಳು, ತಮ್ಮನಿಗಲ್ಲ, ಡಾಕ್ಟರಿಗೆ. "ಮಡಿಕೆ ಬೇಡ. ಕಂಕುಳ ಪಕ್ಕದಲ್ಲೂ ಬೇಡ."

ಡಾಕ್ಟರು ನರ್ಸಿನಿಂದ ಸ್ಪಿರಿಟ್ ಹತ್ತಿ ಇಸಿದುಕೊಂಡು ಹಳೆಯ ಗೆರೆ ಅಳಿಸಿದರು. ತಮ್ಮನನ್ನು ಹೊರಗೆ ಕಳಿಸಿ ಹೊಸ ಗೆರೆ ಎಳೆದರು, ಕನ್ನಡಿ ತರಿಸಿ ಅವಳಿಗೆ ತೋರಿಸಿದರು. ಒಂದು ಕಡೆ ಗೆರೆ ಸೊಟ್ಟಗಿದೆ ಎಂದಳು. ಅದು ಮೈಯ ಸೊಟ್ಟ, ಪೆನ್ನಿನದಲ್ಲ ಎಂದರು. ಇಬ್ಬರೂ ಬಗ್ಗಿ ನೋಡಿದರು. ಡಾಕ್ಟರು ಹೇಳಿದ್ದೇ ಸರಿ ಎಂದು ಇವಳು ಒಪ್ಪಿಕೊಂಡಳು.

ಹೊಲಿಗೆ ಅವಳು ಹೇಳಿದ ಹಾಗೇ ಬಂತು. ಪಕ್ಕೆಯಿಂದ ನೀರು ಬಸಿಯುವ ಕೊಳವೆಗಳನ್ನು ತೆಗೆದು ಮನೆಗೆ ಕಳಿಸಿದ ಮೇಲೆ ಒಂದು ಬೆಳಗ್ಗೆ ಅವಳ ಹಳೆಯ ಅಂಗಿಗಳನ್ನು ಚಿಕ್ಕದು ಮಾಡಲು ನಾನು ಕೂತೆ. ಮುಂಭಾಗದಲ್ಲಿ ಎದೆಯ ಉಬ್ಬಿಗೆಂದು ಹಿಡಿದಿದ್ದ ಮಡಿಕೆಗಳನ್ನು ಬಿಚ್ಚಿ ಬಟ್ಟೆ ಸಮ ಮಾಡಿದೆ. ಅವಳು ತೊಟ್ಟುಕೊಂಡು ಎದೆಯ ಮೇಲೆ ಅಂಗೈ ಆಡಿಸಿದಳು. ಕೈ ಮಧ್ಯದಲ್ಲಿ ನಿಂತಿತು. "ಇದ್ದಾಗ ಚೆನ್ನಾಗೇ ಇದ್ವು ದೊಡ್ಡಮ್ಮ" ಎಂದಳು. ನಾನು ಹ್ಞೂಂ ಎಂದೆ. ಅವಳು ಸ್ವಲ್ಪ ಹೊತ್ತು ಅಳಲಿ ಎಂದು ದಾರ ಹುಡುಕುವ ನೆಪದಲ್ಲಿ ಪೆಟ್ಟಿಗೆಯೊಳಗೆ ತಲೆ ಹಾಕಿದೆ. ಅತ್ತಳು. ಆಮೇಲೆ ಎಡತೋಳು ಬಿಗಿಯಾಯಿತು, ಸಡಿಲ ಮಾಡಿ ಎಂದಳು.

ಅಂಗಡಿಗೆ ಬಂದರೆ ತಮ್ಮ ಗಲ್ಲಾಪೆಟ್ಟಿಗೆಯ ಮುಂದೆ ದಿಂಬುಗಳ ಕೋಟೆ ಕಟ್ಟಿದ್ದ. ಅದರ ಹಿಂದೆ ಕೂತರೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಪ್ರದರ್ಶನಕ್ಕೆ ಇಟ್ಟದ್ದು ಎಂದ. ಅವಳು ಬಂದ ಗಿರಾಕಿಗಳಿಗೆಲ್ಲ ಆ ಕೋಟೆಯಿಂದಲೇ ದಿಂಬು ಕಿತ್ತು ಮಾರಿದಳು. ಸಂಜೆಯೊಳಗೆ ಕೋಟೆ ಬಿತ್ತು. ಅಷ್ಟು ದಿಂಬು ಒಂದೇ ದಿನ ಮಾರಿದ್ದು ಆ ಅಂಗಡಿಯ ಚರಿತ್ರೆಯಲ್ಲೇ ಇಲ್ಲ. ಹಲಗೆಯ ಬಗ್ಗೆ ತಮ್ಮ ಆಮೇಲೆ ಮಾತಾಡಲಿಲ್ಲ.

ಜನ ನೋಡದೆ ಬಿಡುತ್ತಾರೆಯೇ. ಹುಷಾರಾ ಎಂದು ಕಣ್ಣಿಗೆ ಕಣ್ಣು ಕೊಟ್ಟು ಕೇಳುತ್ತಾರೆ, ಉತ್ತರ ಕೇಳುವ ಹೊತ್ತಿಗೆ ಕಣ್ಣು ಜಾರಿರುತ್ತದೆ. ಒಬ್ಬ ದಪ್ಪನೆಯ ಗಿರಾಕಿ ಕೈಯಲ್ಲಿ ದಿಂಬು ಹಿಡಿದು, ಅದನ್ನು ಮರೆತು, ಬಾಯಿ ತೆರೆದುಕೊಂಡು ನೋಡುತ್ತ ನಿಂತುಬಿಟ್ಟ. "ಏನು ಹುಡುಕ್ತಿದ್ದೀರಿ? ಹೇಳಿದ್ರೆ ನಾನೂ ಹುಡುಕ್ತೀನಿ" ಎಂದಳು. ಆತ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದ.

ಇನ್ನು ತುಂಬುವವರ ಕಥೆ. ಅತ್ತೆ ಯಾರಿಗೂ ಹೇಳದೆ ಮನೆಯಲ್ಲಿ ಒಂದು ಜೊತೆ ಮೆತ್ತೆ ಹೊಲಿದಳು, ಬೂರುಗದ ಹತ್ತಿ ತುಂಬಿ, ಅಂಗಿಯೊಳಗೆ ಇಟ್ಟುಕೊಳ್ಳಲೆಂದು. ತಮ್ಮ ಅತ್ತೆಗೂ ಹೇಳದೆ ಇನ್ನೊಂದು ಜೊತೆ ಮಾಡಿದ, ಬಸ್ಸಿನ ಸೀಟಿಗೆ ತರಿಸಿದ ಗಟ್ಟಿ ಫೋಮಿನಿಂದ. ಇಬ್ಬರೂ ಒಂದೇ ದಿನ ಅಂಗಡಿಗೆ ತಂದರು. ಅತ್ತೆಯದು ತನ್ನ ಅಳತೆಗೆ ತಕ್ಕ ಹಾಗೆ ಇತ್ತು, ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡಬಹುದಾಗಿತ್ತು. ತಮ್ಮನದು ಎಂಥ ಗಟ್ಟಿಯೆಂದರೆ ಬಸ್ಸು ಗುಂಡಿಗೆ ಬಿದ್ದರೂ ಕದಲುವುದಿಲ್ಲ ಎಂದು ಅವನೇ ಹೊಗಳಿಕೊಂಡ. ಆಕಾರ ಯಾವುದು ಚೆನ್ನ ಎಂದು ಅತ್ತೆ ಅಳಿಯ ಗಿರಾಕಿಗಳ ಮುಂದೆ ವಾದಕ್ಕಿಳಿದರು. ಅವುಗಳನ್ನು ತೊಡಬೇಕಾದವಳು ದಬ್ಬಳಕ್ಕೆ ಹುರಿ ಪೋಣಿಸುತ್ತ ತನಗೂ ಇದಕ್ಕೂ ಸಂಬಂಧವಿಲ್ಲದ ಹಾಗೆ ಇದ್ದಳು. ವಾದ ಮುಗಿದ ಮೇಲೆ ತಮ್ಮನ ಜೊತೆಯನ್ನು ಗಂಡನಿಗೆ ಕೊಟ್ಟಳು, ಬಸ್ಸಿನಲ್ಲಿ ಬೆನ್ನಿಗೆ ಇಟ್ಟುಕೊಳ್ಳಲು. ಅತ್ತೆಯ ಜೊತೆಯನ್ನು ಹಲಗೆಯ ಎರಡು ತುದಿಗೆ ಮೊಳೆ ಹೊಡೆದು ಕೂರಿಸಿ, ದಬ್ಬಳಗಳನ್ನೆಲ್ಲ ಅದಕ್ಕೆ ಚುಚ್ಚಿಟ್ಟಳು. ಈಗಲೂ ಅತ್ತೆ ಅಂಗಡಿಗೆ ಬಂದು ಆ ಕಡೆ ನೋಡಿದಾಗಲೆಲ್ಲ ಒಮ್ಮೆ ತನ್ನ ಎದೆ ಮುಟ್ಟಿಕೊಳ್ಳುತ್ತಾಳೆ.

ಮೊನ್ನೆ ಡಾಕ್ಟರು, ಇನ್ನು ಭಾರ ಎತ್ತಬಹುದು ಎಂದರು. ಮರುದಿನವೇ ಅವಳು ದೊಡ್ಡ ಹಾಸಿಗೆಯೊಂದನ್ನು ಹಲಗೆಯ ಮೇಲೆ ನಿಲ್ಲಿಸಿ, ಅಂಚನ್ನು ಎದೆಗೆ ಒತ್ತಿಕೊಂಡಳು. ನಾನು ಗವುಸುಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಂಚು ಅವಳ ಎದೆಗೆ ಗೋಡೆಗೆ ಕೂತ ಹಾಗೆ ಕೂತಿತು. ಮುಂಚೆ ಇಷ್ಟು ನೆಟ್ಟಗೆ ಕೂರುತ್ತಿರಲಿಲ್ಲ. ಅವಳು ಎರಡು ಸಲ ಒತ್ತಿ ನೋಡಿದಳು, ನೋವಿನಿಂದ ಒಮ್ಮೆ ಕಣ್ಣು ಮುಚ್ಚಿದಳು, ಮತ್ತೆ ಒತ್ತಿದಳು.

ತಮ್ಮ ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದ. ಅವನ ಕೈಯಲ್ಲಿ ಹಿಂಜಿದ ಹತ್ತಿಯ ತೆಳ್ಳನೆಯ ಪದರ. ಅಂಚಿಗೂ ಎದೆಗೂ ನಡುವೆ ಇದಿಷ್ಟನ್ನು ಇಡಲೇ, ಒತ್ತುವುದಿಲ್ಲ, ಇಲ್ಲವಾದರೆ ಆ ತುದಿ ನಾನೇ ಹಿಡಿಯಲೇ ಎಂದು ಕೇಳಿದ. ಪಾಪ, ಈ ಸಲ ಅವನು ತುರುಕುವ ಮುಂಚೆ ಕೇಳಿದ್ದ.

ಅವಳು ಬಾಯಿಂದ ದಬ್ಬಳ ತೆಗೆದಳು.

"ಬೇಡ ತಮ್ಮ. ಕೇಳ್ದೆಯಲ್ಲ, ಅಷ್ಟು ಸಾಕು. ಆ ಹತ್ತಿ ತಗೊಂಡು ಹೋಗಿ ದಿಂಬಿಗೆ ಹಾಕು. ನೋಯುತ್ತೆ, ನೋಯ್ಲಿ ಬಿಡು, ಅದು ನನ್ನ ಎದೆ. ಈ ತುದೀನೂ ನಾನೇ ಹಿಡೀತೀನಿ, ಆ ತುದೀನೂ ನಾನೇ ಹಿಡೀತೀನಿ. ನೀನು ಬೆಳಕಿಗೆ ಅಡ್ಡ ನಿಂತಿದ್ದೀಯ, ಸ್ವಲ್ಪ ಸರಿ."